ಸ್ಯಾಮ್ಯುಅಲ್ ಕೋಲ್ಟ್: ಕಲಕತ್ತೆಯ ಹಡಗಿನಲ್ಲಿ ಕೆತ್ತಿದ ಆಯುಧ

ಮಗರಪಟ್ಟಾದ ನಮ್ಮವರ ಹೋಟೆಲುಗಳಿಗೆ ಚಹಾ ಕುಡಿಯಲು ಬರುವ ಪೊಲೀಸ್ ಅಧಿಕಾರಿಯ ಸೊಂಟದಲ್ಲಿ ಚರ್ಮದ ಚೀಲವೊಂದು ತೂಗುತ್ತಿರುವುದನ್ನು ಗಲ್ಲೆಯ ಮೇಲೆ ಕುಳಿತವರು ಕಂಡಿದ್ದಾರೆ. ಇಂದು ಆ ಚೀಲದಲ್ಲಿ ಬಹುಮಟ್ಟಿಗೆ ಪಿಸ್ತೂಲು ಇರುತ್ತದೆ. ಆದರೆ ಬಹುಕಾಲ ಅಲ್ಲಿ ನೆಲೆಸಿದ್ದುದು ರಿವಾಲ್ವರು. ಆ ಆಯುಧವನ್ನು ಜಗತ್ತಿನಲ್ಲಿ ರೂಢಿಗೆ ತಂದವನು, ನಮ್ಮವರಲ್ಲಿ ಅನೇಕರಂತೆ, ಎಳೆಯ ವಯಸ್ಸಿನಲ್ಲಿಯೇ ಮನೆ ಬಿಟ್ಟು ದುಡಿಮೆಗೆ ನಿಂತ ಹುಡುಗನು.

ಸ್ಯಾಮ್ಯುಅಲ್ ಕೋಲ್ಟನು 1814ನೆಯ ಇಸವಿ ಜುಲೈ 19ರಂದು ಅಮೇರಿಕದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ ಜನಿಸಿದನು. ಬಾಲ್ಯದಲ್ಲಿಯೇ ತಾಯಿ ತೀರಿಕೊಂಡಳು. ತಂದೆಯ ವ್ಯಾಪಾರವು ಮುರಿದುಬಿದ್ದಿತು. ಹನ್ನೊಂದನೆಯ ವಯಸ್ಸಿನಲ್ಲಿ ಹುಡುಗನು ಒಬ್ಬ ರೈತನ ಬಳಿ ಕರಾರಿನ ಮೇಲೆ ಕೆಲಸಕ್ಕೆ ಸೇರಿದನು. ಮುಂದೆ ಶಾಲೆಯಲ್ಲಿ ಸಿಡಿಮದ್ದಿನ ಆಟವಾಡಿ ಅಲ್ಲಿಂದ ಹೊರಬಿದ್ದಾಗ, ನಾವಿಕನ ವೃತ್ತಿಯನ್ನಾದರೂ ಕಲಿಯಲೆಂದು ತಂದೆಯು ಆತನನ್ನು ಕಡಲಿಗೆ ಕಳುಹಿಸಿದನು. 1830ರ ಆಗಸ್ಟಿನಲ್ಲಿ ಬೋಸ್ಟನ್ ಬಂದರಿನಿಂದ ಆತನನ್ನು ಹೊತ್ತು ಹೊರಟ ಕೋರ್ವೋ ಎಂಬ ಹಡಗು ಬಂದದ್ದು ನಮ್ಮ ಕಲಕತ್ತೆಗೆ.

ಹಡಗಿನ ಚುಕ್ಕಾಣಿಯ ಚಕ್ರವನ್ನು ಎತ್ತ ತಿರುಗಿಸಿದರೂ ಅದರ ಒಂದೊಂದು ಕಡ್ಡಿಯೂ ತಡೆಯ ನೇರಕ್ಕೆ ಬಂದು ನಿಲ್ಲುವುದನ್ನು ಕಂಡು ತನಗೆ ಉಪಾಯವು ಹೊಳೆಯಿತೆಂದು ಆತನು ಮುಂದೆ ಹೇಳಿಕೊಂಡನು. ಗುಂಡು ತುಂಬಿದ ಉರುಳೆಯೂ ಹಾಗೆಯೇ ತಿರುಗಿ ನಿಂತರೆ, ಒಂದೇ ನಳಿಗೆಯಿಂದ ಐದಾರು ಗುಂಡುಗಳು ಹೊರಡಬಹುದು. ಆತನು ಹಡಗಿನಲ್ಲಿಯೇ ಮರದ ಮಾದರಿಯನ್ನು ಕೆತ್ತಿದನು. ತಿರುಗುವ ಆಯುಧವು ಆತನಿಗಿಂತ ಮೊದಲೇ ಇದ್ದಿತು. ಕಾಲಿಯರ್ ಎಂಬಾತನು 1818ರಲ್ಲಿಯೇ ಲಂಡನ್ನಿನಲ್ಲಿ ಅದಕ್ಕೆ ಪೇಟೆಂಟ್ ಪಡೆದಿದ್ದನು. ಗುಂಡಿಗೆ ಬಡಿಯುವ ಕೀಲನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆದೊಡನೆ ಉರುಳೆಯು ತಾನಾಗಿ ತಿರುಗಿ ಬಿಗಿಯಾಗಿ ನಿಲ್ಲುವಂತೆ ಮಾಡಿದ್ದೇ ಕೋಲ್ಟನ ಹೆಚ್ಚುಗಾರಿಕೆ.

ಕೈಯಲ್ಲಿ ಕಾಸಿಲ್ಲದ ಆತನು ಕಲಕತ್ತೆಯ ಡಾಕ್ಟರನೆಂದು ಹೇಳಿಕೊಂಡು, ಊರೂರು ತಿರುಗಿ, ನಗೆ ಬರಿಸುವ ಅನಿಲದ ಪ್ರದರ್ಶನ ನಡೆಸಿ ಹಣ ಕೂಡಿಸಿದನು. 1836ರ ಫೆಬ್ರವರಿ 25ರಂದು ಅಮೇರಿಕದ ಪೇಟೆಂಟ್ ದೊರೆಯಿತು. ಪ್ಯಾಟರ್ಸನ್ನಿನಲ್ಲಿ ತೆರೆದ ಕಾರ್ಖಾನೆಯಾದರೋ 1842ರಲ್ಲಿ ಮುಚ್ಚಿಹೋಯಿತು. 1847ರಲ್ಲಿ, ಮೆಕ್ಸಿಕೋ ಯುದ್ಧದ ಸಮಯದಲ್ಲಿ, ಕ್ಯಾಪ್ಟನ್ ವಾಕರನ ಮೂಲಕ ಸರಕಾರವು 1,000 ರಿವಾಲ್ವರುಗಳನ್ನು ಕೇಳಿದಾಗ ಕೋಲ್ಟನಿಗೆ ಸ್ವಂತ ಕಾರ್ಖಾನೆಯೇ ಇರಲಿಲ್ಲ. ಅನ್ಯರ ಕಾರ್ಖಾನೆಯಲ್ಲಿ ಮಾಡಿಸಿಕೊಟ್ಟನು. ವಾಕರನು ಅದೇ ವರ್ಷ ರಣರಂಗದಲ್ಲಿ ಮಡಿದನು. ಕೋಲ್ಟನ ಭಾಗ್ಯದ ಬಾಗಿಲು ತೆರೆಯಿತು.

1855ರಲ್ಲಿ ಹಾರ್ಟ್‌ಫರ್ಡಿನಲ್ಲಿ ನಿಂತ ಆತನ ಕಾರ್ಖಾನೆಯಲ್ಲಿ ಒಂದೊಂದು ಬಿಡಿಭಾಗವನ್ನೂ ಯಂತ್ರವೇ ಒಂದೇ ಅಳತೆಗೆ ಕೊರೆಯುತ್ತಿತ್ತು. ಕೆಲಸಗಾರರಿಗೆ ಹತ್ತು ಗಂಟೆಯ ದುಡಿಮೆ, ಊಟಕ್ಕೆ ಒಂದು ಗಂಟೆಯ ಬಿಡುವು, ಕೂಡಿ ಕಲಿಯಲು ಒಂದು ಸಭಾಗೃಹ ಇವನ್ನು ಆತನು ಒದಗಿಸಿದನು. ತಡವಾಗಿ ಬಂದವನನ್ನು ಮಾತ್ರ ದಯೆಯಿಲ್ಲದೆ ಹೊರಹಾಕುತ್ತಿದ್ದನು. ಅಮೇರಿಕದ ಅಂತರ್ಯುದ್ಧವು ಸಮೀಪಿಸಿದಾಗ ಉತ್ತರ ದಕ್ಷಿಣವೆಂಬ ಭೇದವೆಣಿಸದೆ ಇಬ್ಬರಿಗೂ ಮಾರಿದನು. 1862ರ ಜನವರಿ 10ರಂದು, ನಲವತ್ತೇಳನೆಯ ವಯಸ್ಸಿನಲ್ಲಿ, ಅಪಾರ ಸಂಪತ್ತನ್ನು ಬಿಟ್ಟು ತೀರಿಕೊಂಡನು.

ಮರದ ತುಂಡಾಗಿ ಕಲಕತ್ತೆಯ ಹಾದಿಯಲ್ಲಿ ಹುಟ್ಟಿದ ಆಯುಧವು ಕಬ್ಬಿಣವಾಗಿ ನಮ್ಮ ದೇಶಕ್ಕೆ ಮರಳಿತು. 1857ರಲ್ಲಿ ಆಂಗ್ಲ ಅಧಿಕಾರಿಗಳ ಕೈಯಲ್ಲಿ ಕೋಲ್ಟ್, ಆಡಮ್ಸ್ ರಿವಾಲ್ವರುಗಳಿದ್ದವು. 1878ರ ಆಯುಧ ಕಾನೂನು ಭಾರತೀಯನಿಗೆ ಪರವಾನಗಿಯ ಕಟ್ಟು ಹಾಕಿ, ಐರೋಪ್ಯನಿಗೆ ವಿನಾಯಿತಿ ನೀಡಿತು. 1887ರಲ್ಲಿ ಬ್ರಿಟಿಷ್ ಸೇನೆಯು ವೆಬ್ಲಿ ರಿವಾಲ್ವರನ್ನು ಸ್ವೀಕರಿಸಿತು. ಸೇನೆ, ಪೊಲೀಸು ಎರಡರಲ್ಲಿಯೂ ಅದು ದೊರೆತನದ ಗುರುತಾಯಿತು. ನಮ್ಮ ಪುಣೆಯ ಖಡಕಿಯಲ್ಲಿ ಮದ್ದುಗುಂಡಿನ ಕಾರ್ಖಾನೆಯು 1869ರಲ್ಲಿಯೇ ನಿಂತಿತ್ತು. ಗುಂಡು ಮಾಡುವ ಕೂಲಿ ನಮ್ಮವರದು, ಅದನ್ನು ಹಾರಿಸುವ ಅಧಿಕಾರ ಅವರದು.

ಬಿದ್ದರೂ ಎದ್ದು ನಿಂತ ಕೋಲ್ಟನ ಛಲವನ್ನು ನಾವು ಮೆಚ್ಚುತ್ತೇವೆ. ಆದರೆ ಛಲವೊಂದೇ ಮನುಷ್ಯನನ್ನು ದೊಡ್ಡವನನ್ನಾಗಿ ಮಾಡದು. ತಾನು ಮಾಡಿದ್ದು ಯಾರ ಕೈ ಸೇರಿತು, ಯಾರ ಎದೆಗೆ ತಾಗಿತು ಎಂಬ ವಿಚಾರವೂ ಬೇಕು. ಆತನ ಲೆಕ್ಕದ ಪುಸ್ತಕದಲ್ಲಿ ಆ ಒಂದು ಕಲಮು ಇರಲಿಲ್ಲವೆಂದೇ ನಾವು ಭಾವಿಸುತ್ತೇವೆ.