ಕಲ್ಲಚ್ಚಿನಲ್ಲಿ ದಾಸರ ಪದ

ಕೆಪಿಎಸ್‌ಸಿಗೆ ಓದುವವರಿಗೆಲ್ಲ ಈ ಒಂದು ಅಂಕದ ಪ್ರಶ್ನೆ ಬಾಯಿಪಾಠ. ಕನ್ನಡದ ಮೊದಲ ಪತ್ರಿಕೆ ಯಾವುದು? ಮಂಗಳೂರ ಸಮಾಚಾರ, 1843ರ ಜುಲೈ 1, ಸಂಪಾದಕ ಹೆರ್ಮನ್ ಮೊಗ್ಲಿಂಗ್. ಗೈಡುಗಳಲ್ಲಿ ಅವರ ಕಥೆ ಅಲ್ಲಿಗೇ ಮುಗಿಯುತ್ತದೆ. ನಮ್ಮ ಬಸವನಗುಡಿ, ಮಲ್ಲೇಶ್ವರದ ಭಜನಾ ಮಂಡಳಿಯವರು ಪುಸ್ತಕ ನೋಡಿಕೊಂಡು ಹಾಡುವ ದಾಸರ ಪದಗಳಿಗೂ ಈ ಪಾದ್ರಿಗೂ ನಂಟಿದೆ ಎಂದು ಅಲ್ಲಿ ಯಾರೂ ಬರೆಯುವುದಿಲ್ಲ.

ಮೊಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ಜರ್ಮನಿಯ ಬ್ರಾಕನ್‌ಹೈಮ್‌ನಲ್ಲಿ. 1836ರಲ್ಲಿ ಬಾಸೆಲ್ ಮಿಷನ್ ಅವರನ್ನು ಮಂಗಳೂರಿಗೆ ಕಳಿಸಿತು. ಬಂದದ್ದು ಮತಪ್ರಚಾರಕ್ಕೆ, ಅದರಲ್ಲಿ ಮುಚ್ಚುಮರೆಯೇನಿಲ್ಲ. ಆದರೆ ಜನರ ಮನಸ್ಸು ತಿಳಿಯಬೇಕಾದರೆ ಅವರು ಓದುವುದನ್ನು, ಹಾಡುವುದನ್ನು ತಾನೂ ಓದಬೇಕು ಎಂದು ಹಟ ಹಿಡಿದರು. ಗಾದೆ, ಪುರಾಣ, ಕೀರ್ತನೆ ಎಲ್ಲವನ್ನೂ ಕೂಡಿಹಾಕಿದರು.

ಮಂಗಳೂರಿನಲ್ಲಿ ಮಿಷನ್ನಿನ ಕಲ್ಲಚ್ಚು 1841ರಲ್ಲಿ ಶುರುವಾಗಿತ್ತು. ನುಣುಪು ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಅಕ್ಷರ ಮೂಡಿಸಿ, ಕಲ್ಲನ್ನು ಒದ್ದೆ ಮಾಡಿ ಶಾಯಿ ಉರುಳಿಸಿದರೆ ಅದು ಅಕ್ಷರಕ್ಕಷ್ಟೇ ಅಂಟುತ್ತದೆ. ಸೀಸದ ಮೊಳೆಯೇ ಬೇಡ. ಹಾಗಾಗಿ ಪುಟದಲ್ಲಿ ಕಾಣುವುದು ಬರೆದವನ ಕೈಬರಹವೇ.

ಯಂತ್ರವೇನೋ ಇತ್ತು, ದುಡ್ಡು? ಗುಟೆನ್‌ಬರ್ಗ್‌ನ ಕಾಲದಿಂದಲೂ ಯುರೋಪಿನ ಅಚ್ಚುಮನೆಗಳಿಗೆ ಚರ್ಚು ದೊಡ್ಡ ಗಿರಾಕಿ. ಅದು ಹಣ ಕೊಡುತ್ತಿದ್ದದ್ದು ತನ್ನ ಪುಸ್ತಕಗಳಿಗೆ. ಬೈಬಲ್ಲಿಗೆಂದು ಭಕ್ತರು ಕೊಟ್ಟ ಕಾಣಿಕೆಯಲ್ಲಿ ಬಸವಪುರಾಣ ಅಚ್ಚು ಹಾಕಿದರೆ ಯಾರು ಒಪ್ಪುತ್ತಾರೆ? ಆಗ ಕೈಹಿಡಿದವರು ನೀಲಗಿರಿಯಲ್ಲಿ ನೆಲೆಸಿದ್ದ, ಮದ್ರಾಸಿನ ನಿವೃತ್ತ ನ್ಯಾಯಾಧೀಶ ಕಾಸಮೇಜರ್. ಅವರ ಹಣದಿಂದ 1848ರಲ್ಲಿ 'ಬಿಬ್ಲಿಯೊಥೆಕಾ ಕರ್ನಾಟಿಕಾ' ಮಾಲೆ ಹೊರಟಿತು. ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ ಬಂದವು. ದಾಸರ ಪದಗಳು ಪುಸ್ತಕವಾದದ್ದು 1850ರಲ್ಲಿ. ಅಷ್ಟರಲ್ಲಿ ಕಾಸಮೇಜರ್ ತೀರಿಕೊಂಡಿದ್ದರು. ಮಾಲೆ ಹೆಚ್ಚು ದಿನ ನಡೆಯಲಿಲ್ಲ. ಒಬ್ಬರ ಜೇಬಿನ ಮೇಲೆ ಎಷ್ಟು ಗ್ರಂಥಗಳು ನಿಂತಿದ್ದವು ನೋಡಿ!

1853ರಲ್ಲಿ ಮೊಗ್ಲಿಂಗ್ ಕೊಡಗಿಗೆ ಹೋದರು. ಆ ನಾಡಿನ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕ 1855ರಲ್ಲಿ ನಮ್ಮ ಬೆಂಗಳೂರಿನ ವೆಸ್ಲಿಯನ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. ಕನ್ನಡ ಗ್ರಂಥಗಳ ಕೆಲಸಕ್ಕೆ ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಎರಡು ವರ್ಷ ಕಳೆದು ಅವರು ಜರ್ಮನಿಗೆ ಮರಳಿದರು, ಮತ್ತೆ ಇತ್ತ ಬರಲಿಲ್ಲ. ಅಲ್ಲಿ ಕೂತು ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಂದು ವಿದ್ವಾಂಸರ ಪತ್ರಿಕೆಯಲ್ಲಿ ಪ್ರಕಟಿಸಿದರು. ತೀರಿಕೊಂಡದ್ದು 1881ರಲ್ಲಿ, ಎಸ್ಲಿಂಗನ್‌ನಲ್ಲಿ.