ವಿದ್ಯಾಸಾಗರರ ವಿದ್ಯಾದಾನ

ಈಶ್ವರಚಂದ್ರ ವಿದ್ಯಾಸಾಗರರು ಕ್ರಿ.ಶ. 1820ರಲ್ಲಿ ವಂಗದೇಶದ ವೀರಸಿಂಹ ಗ್ರಾಮದ ಬಡ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಕಲಕತ್ತೆಯ ಸಂಸ್ಕೃತ ಕಾಲೇಜಿನಲ್ಲಿ ವ್ಯಾಸಂಗಮಾಡಿ, 1851ರಲ್ಲಿ ಅದಕ್ಕೇ ಪ್ರಿನ್ಸಿಪಾಲರಾದರು. 1853ರಲ್ಲಿ ಹುಟ್ಟೂರಿನಲ್ಲಿ ಶುಲ್ಕವಿಲ್ಲದ ಪಾಠಶಾಲೆಯನ್ನು ತೆರೆದು, ಉಪಾಧ್ಯಾಯರ ಸಂಬಳವನ್ನೂ ಮಕ್ಕಳ ಪುಸ್ತಕ, ಹಲಗೆಗಳ ವೆಚ್ಚವನ್ನೂ ತಾವೇ ವಹಿಸಿದರು.

1857ರ ನವೆಂಬರಿನಿಂದ ಏಳು ತಿಂಗಳೊಳಗಾಗಿ 35 ಬಾಲಿಕಾ ಪಾಠಶಾಲೆಗಳನ್ನು ಸ್ಥಾಪಿಸಿದರು. ಸುಮಾರು 1,300 ಬಾಲಿಕೆಯರು ಸೇರಿದರು. ಪ್ರಾಂತಾಧಿಕಾರಿಗಳ ಬಾಯಿಮಾತಿನ ಪ್ರೋತ್ಸಾಹವನ್ನು ನಂಬಿ ಅವರು ಈ ಕಾರ್ಯಕ್ಕೆ ಕೈಹಾಕಿದ್ದರು. ಆದರೆ ಹಿಂದೂಸ್ಥಾನ ಸರಕಾರವು ಶಾಶ್ವತ ಸಹಾಯವನ್ನು ನಿರಾಕರಿಸಿತು. ಉಪಾಧ್ಯಾಯರ ಸಂಬಳದ ಹೊಣೆ ವಿದ್ಯಾಸಾಗರರ ತಲೆಯ ಮೇಲೆ ಬಂದಿತು. 1858ರಲ್ಲಿ ಅವರು ತಿಂಗಳಿಗೆ 500 ರೂಪಾಯಿಗಳ ಉದ್ಯೋಗಕ್ಕೆ ರಾಜೀನಾಮೆ ಕೊಟ್ಟರು. ಆದರೂ ಶಾಲೆಗಳನ್ನು ಕೈಬಿಡದೆ, ನಿಧಿಯೊಂದನ್ನು ಕೂಡಿಸಿ, ತಮ್ಮ ಗ್ರಂಥಗಳ ವರಮಾನವನ್ನೂ ವಿನಿಯೋಗಿಸಿ, ಸಾಧ್ಯವಾದವನ್ನು ನಡೆಯಿಸಿದರು. 1891ರಲ್ಲಿ ಸ್ವರ್ಗಸ್ಥರಾದರು.

ವಿದ್ಯಾಸಾಗರರಿಗೆ ಗ್ರಂಥಗಳ ವರಮಾನವಾದರೂ ಇದ್ದಿತು. ಸೀಮೆಸುಣ್ಣವನ್ನೂ ಕಾಗದವನ್ನೂ ಸ್ವಂತ ಹಣದಿಂದ ಕೊಳ್ಳುವ ಇಂದಿನ ಉಪಾಧ್ಯಾಯರಲ್ಲಿ ಬಹುಮಂದಿಗೆ ಸಂಬಳವೊಂದೇ ಆಧಾರ. ತ್ಯಾಗವು ಗುರುವಿಗೆ ಭೂಷಣವೇ ಸರಿ. ಆ ತ್ಯಾಗವನ್ನು ನೆಚ್ಚಿ ಆಯವ್ಯಯವನ್ನು ರಚಿಸುವುದು ಮಾತ್ರ ಯಾವ ಸರಕಾರಕ್ಕೂ ಭೂಷಣವಲ್ಲ.