ಜೆಲಿಕೋ ಎಂಬ ಎಚ್ಚರಿಕೆಯ ಸೇನಾನಿ

ಯುದ್ಧ ಗೆದ್ದವರನ್ನು ಚರಿತ್ರೆ ಸುಲಭವಾಗಿ ಗುರುತಿಸುತ್ತದೆ. ಸೋಲನ್ನು ತಪ್ಪಿಸಿದವರ ವಿಷಯದಲ್ಲಿ ತೀರ್ಪು ನೀಡಲು ತಡವರಿಸುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಪ್ರಧಾನ ನೌಕಾಬಲವನ್ನು ಮುನ್ನಡೆಸಿದ ಅಡ್ಮಿರಲ್ ಜಾನ್ ಜೆಲಿಕೋ ಅವರ ಬದುಕನ್ನು ಓದುವಾಗಲೆಲ್ಲ ನನಗೆ ಈ ತೊಡಕು ಎದುರಾಗುತ್ತದೆ.

1859ರಲ್ಲಿ ಸೌತಾಂಪ್ಟನ್‌ನಲ್ಲಿ ಹುಟ್ಟಿದ ಜೆಲಿಕೋ ಹನ್ನೆರಡನೆಯ ವಯಸ್ಸಿಗೇ ನೌಕಾಪಡೆ ಸೇರಿದರು. 1893ರಲ್ಲಿ ಲೆಬನಾನ್ ತೀರದ ಬಳಿ, ಕವಾಯತಿನ ವೇಳೆ ಅಡ್ಮಿರಲ್ ಟ್ರಯಾನ್ ನೀಡಿದ ತಪ್ಪು ಆದೇಶದಿಂದಾಗಿ ಎರಡು ಯುದ್ಧನೌಕೆಗಳು ಡಿಕ್ಕಿ ಹೊಡೆದು ವಿಕ್ಟೋರಿಯಾ ಮುಳುಗಿತು. 358 ಮಂದಿ ಸತ್ತರು. ಅದೇ ಹಡಗಿನಲ್ಲಿ ಜ್ವರದಿಂದ ಮಲಗಿದ್ದ ಜೆಲಿಕೋ ಬದುಕುಳಿದರು. 1900ರಲ್ಲಿ ಚೀನಾದ ಬಾಕ್ಸರ್ ಬಂಡಾಯದ ವೇಳೆ ಎದೆಗೆ ಗುಂಡು ತಗುಲಿಯೂ ಚೇತರಿಸಿಕೊಂಡರು. ಅವರ ಧೈರ್ಯವನ್ನು ಶಂಕಿಸುವಂತಿಲ್ಲ.

1914ರ ಆಗಸ್ಟ್‌ನಲ್ಲಿ ಗ್ರ್ಯಾಂಡ್ ಫ್ಲೀಟ್‌ನ ಹೊಣೆ ಅವರ ಹೆಗಲೇರಿತು. ಆಹಾರಕ್ಕೂ ಸಮುದ್ರಮಾರ್ಗವನ್ನೇ ನಂಬಿದ್ದ ದ್ವೀಪರಾಷ್ಟ್ರಕ್ಕೆ ಈ ನೌಕಾಬಲ ನಾಶವಾದರೆ ಯುದ್ಧವೇ ಕೈತಪ್ಪಿದಂತೆ. ಆ ವರ್ಷದ ಅಕ್ಟೋಬರ್‌ನಲ್ಲಿ ಆಡೇಶಿಯಸ್ ಎಂಬ ಹೊಸ ಯುದ್ಧನೌಕೆ ಮೈನ್‌ಗೆ ಬಲಿಯಾಯಿತು. ಕೆಲವೇ ದಿನಗಳಲ್ಲಿ ಜೆಲಿಕೋ ನೌಕಾ ಇಲಾಖೆಗೆ ಪತ್ರ ಬರೆದು, ಹಿಮ್ಮೆಟ್ಟುವ ಶತ್ರುವನ್ನು ಬೆನ್ನಟ್ಟಿ ಮೈನ್ ಮತ್ತು ಟಾರ್ಪೆಡೊಗಳ ಬಲೆಗೆ ಬೀಳಲಾರೆನೆಂದು ಮುಂಚಿತವಾಗಿಯೇ ತಿಳಿಸಿದರು. ಇಲಾಖೆ ಒಪ್ಪಿತು.

1916ರ ಮೇ 31ರಂದು ಜಟ್‌ಲ್ಯಾಂಡ್ ಕದನದಲ್ಲಿ ಅವರು ನಡೆದುಕೊಂಡದ್ದೂ ಹಾಗೆಯೇ. ಸಂಜೆಯ ಮಬ್ಬಿನಲ್ಲಿ, ಅರೆಬರೆ ಮಾಹಿತಿಯ ನಡುವೆ, ತಮ್ಮ ಯುದ್ಧನೌಕೆಗಳ ಸಾಲನ್ನು ಜರ್ಮನ್ ನೌಕೆಗಳ ದಾರಿಗೆ ಅಡ್ಡಲಾಗಿ ನಿಲ್ಲಿಸಿದ್ದು ಅಪೂರ್ವ ಕೌಶಲ. ಆದರೆ ಟಾರ್ಪೆಡೊ ದಾಳಿ ನಡೆದಾಗ ಅವರು ನೌಕೆಗಳನ್ನು ದೂರಕ್ಕೆ ತಿರುಗಿಸಿದರು. ರಾತ್ರಿಯಲ್ಲಿ ಶತ್ರು ನುಸುಳಿ ಪಾರಾಯಿತು. ಬ್ರಿಟನ್ 14 ಹಡಗುಗಳನ್ನೂ ಆರು ಸಾವಿರಕ್ಕೂ ಹೆಚ್ಚು ಜನರನ್ನೂ ಕಳೆದುಕೊಂಡರೆ, ಜರ್ಮನಿ ಕಳೆದುಕೊಂಡದ್ದು 11 ಹಡಗು ಮತ್ತು ಸುಮಾರು 2,500 ಜನರನ್ನು. ಮತ್ತೊಂದು ಟ್ರಫಾಲ್ಗರ್ ನಿರೀಕ್ಷಿಸಿದ್ದ ಜನ ನಿರಾಶರಾದರು. ಆದರೂ ಮರುದಿನ ಕಾದಾಡಲು ಸಿದ್ಧವಿದ್ದದ್ದು ಜೆಲಿಕೋ ಪಡೆಯೇ. ಉತ್ತರ ಸಮುದ್ರದ ಮೇಲಿನ ಬ್ರಿಟಿಷ್ ಹಿಡಿತ ಸಡಿಲಲಿಲ್ಲ, ಜರ್ಮನಿಯ ದಿಗ್ಬಂಧನ ಮುಂದುವರಿಯಿತು.

ಇಷ್ಟಕ್ಕೇ ನಿಂತಿದ್ದರೆ ತೀರ್ಪು ಸರಳವಿತ್ತು. ವರ್ಷಾಂತ್ಯಕ್ಕೆ ಅವರು ಫಸ್ಟ್ ಸೀ ಲಾರ್ಡ್ ಆಗಿ ಲಂಡನ್ನಿಗೆ ಬಂದರು. 1917ರ ಫೆಬ್ರವರಿಯಿಂದ ಜರ್ಮನ್ ಜಲಾಂತರ್ಗಾಮಿಗಳು ಸರಕು ಹಡಗುಗಳನ್ನು ಎಗ್ಗಿಲ್ಲದೆ ಮುಳುಗಿಸತೊಡಗಿದವು. ಏಪ್ರಿಲ್ ಒಂದೇ ತಿಂಗಳಲ್ಲಿ ಎಂಟು ಲಕ್ಷ ಟನ್ನಿಗೂ ಮಿಕ್ಕಿ ಹಡಗುಗಳು ನಾಶವಾದವು. ಸರಕು ಹಡಗುಗಳನ್ನು ಗುಂಪಾಗಿ, ಬೆಂಗಾವಲಿನೊಂದಿಗೆ ಕಳುಹಿಸುವುದೇ ಪರಿಹಾರವಾಗಿತ್ತು. ಅದನ್ನು ಒಪ್ಪಲು ಜೆಲಿಕೋ ಹಿಂದೇಟು ಹಾಕಿದರು. ಯುದ್ಧವನ್ನು 1918ಕ್ಕೆ ಮುಂದುವರಿಸುವುದೇ ಅಸಾಧ್ಯವೆಂದು ಕೈಚೆಲ್ಲುವ ಮಾತಾಡಿದರು. ಬೆಂಗಾವಲು ಪದ್ಧತಿ ಜಾರಿಯಾದ ಮೇಲೆ ನಷ್ಟ ಇಳಿಯಿತು. ಆ ವರ್ಷದ ಕ್ರಿಸ್‌ಮಸ್ ಮುನ್ನಾದಿನ ಅವರನ್ನು ಹುದ್ದೆಯಿಂದ ತೆಗೆಯಲಾಯಿತು.

ಮುಂದೆ ಅವರು ನ್ಯೂಜಿಲೆಂಡಿನ ಗವರ್ನರ್ ಜನರಲ್ ಆದರು, ಅರ್ಲ್ ಪದವಿ ಪಡೆದರು, 1935ರಲ್ಲಿ ತೀರಿಕೊಂಡು ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಸಮಾಧಿಯಾದರು.

ನನ್ನ ದೃಷ್ಟಿಯಲ್ಲಿ ಕಡಲಿನ ಜೆಲಿಕೋ ಮತ್ತು ಕಚೇರಿಯ ಜೆಲಿಕೋ ಬೇರೆಬೇರೆಯವರಲ್ಲ. ಕೈಯಲ್ಲಿದ್ದುದನ್ನು ಕಾಯಬೇಕಾದಾಗ ನಾಡನ್ನು ಉಳಿಸಿದ ಎಚ್ಚರಿಕೆಯೇ, ಹೊಸದನ್ನು ಪ್ರಯೋಗಿಸಬೇಕಾದಾಗ ಅವರ ಕೈ ಕಟ್ಟಿತು. ನಾಯಕರನ್ನು ಆರಿಸುವಾಗ ನಾವು ಗುಣಗಳನ್ನಷ್ಟೇ ಪಟ್ಟಿಮಾಡುತ್ತೇವೆ. ಆ ಗುಣ ಮುಂದಿರುವ ಕೆಲಸಕ್ಕೆ ಒಗ್ಗುವುದೇ ಎಂದು ಕೇಳುವವರು ಕಡಿಮೆ.